ಹಳೇ ಮನೆಯ ಅಡಿಯಲ್ಲಿ ಸಿಕ್ಕ ಎಲುಬು

ಎಲುಬೆಂದರೆ ನನಗೆ ಮೊದಲಿನಿಂದಲೂ ಹೆದರಿಕೆ. ಲಿಂಗಪೂಜೆಯಾಗದೆ ಒಲೆ ಹೊತ್ತಿಸದ, ತತ್ತಿಯ ಹೆಸರೂ ಎತ್ತದ, ಮುರುಮ ಎಂಬ ಊರಿನ ಕಿರಾಣಿ ಅಂಗಡಿಯವರ ಮಗಳು ನಾನು. ಹೋಗಿ ಹೋಗಿ ಉದಗೀರದಲ್ಲಿ ದನದ ಡಾಕ್ಟರಕಿ ಓದಲು ಸೇರಿದೆ. ಮೊದಲ ವರ್ಷವೆಲ್ಲ ಎಲುಬಿನದೇ ಪಾಠ. ಮೇಜಿನ ಮೇಲೆ ಎತ್ತು, ಕುದುರೆ, ಹಂದಿ, ನಾಯಿಯ ಮುಂಗಾಲುಗಳನ್ನು ಹರವಿಟ್ಟು, ಯಾವುದು ಯಾರದು, ಎಡವೋ ಬಲವೋ ಹೇಳು ಎನ್ನುತ್ತಿದ್ದರು. ಕಣ್ಣು ಮುಚ್ಚಿಸಿ ಕೈಗೆ ಕೊಟ್ಟು ಕೇಳುವ ಸರ್ ಒಬ್ಬರಿದ್ದರು. ಅವರ ಪಾಠವಿದ್ದ ದಿನ ನಾನು ನಾಷ್ಟಾ ಮಾಡುತ್ತಿರಲಿಲ್ಲ.

ಆದರೂ ಕಲಿತೆ, ಕಲಿಯದೆ ಎಲ್ಲಿಗೆ ಹೋಗಲಿ. ನಮ್ಮ ಅಂಗೈಯಲ್ಲಿ ಬೇರೆ ಬೇರೆಯಾಗಿರುವ ಐದು ಎಲುಬುಗಳ ಜಾಗದಲ್ಲಿ ಎತ್ತಿಗೆ ಎರಡು ಬೆಸೆದು ಒಂದೇ ದಪ್ಪ ನಳಿಗೆಯಾಗಿರುತ್ತದೆ. ಬೆಸೆದ ಗುರುತಿಗೆ ಮುಂಬದಿಯಲ್ಲಿ ಉದ್ದಕ್ಕೊಂದು ಗೀರು. ಕುದುರೆಯ ನಳಿಗೆಗೆ ಆ ಗೀರಿಲ್ಲ. ಮೊಣಕೈಯ ಕೆಳಗೆ ನಮಗೆ ಎರಡು ಎಲುಬು, ಬಿಡಿಬಿಡಿ. ಎತ್ತಿಗೆ ಅವು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಾಯಿಗೆ ಮಾತ್ರ ನಮ್ಮ ಹಾಗೆಯೇ ಎಲ್ಲ ಬಿಡಿ. ನಾಯಿಯ ಮುಂಗಾಲು ಹಿಡಿದರೆ ಯಾರದೋ ಕೈ ಹಿಡಿದ ಹಾಗಾಗುತ್ತಿತ್ತು.

ಮೂರನೇ ವರ್ಷದಲ್ಲಿ ಒಂದು ಬೆಳಿಗ್ಗೆ ಸಾಸ್ತೂರಿನಿಂದ ಅಣ್ಣನ ಫೋನು ಬಂತು. ಅಣ್ಣ ಅಂದರೆ ನಮ್ಮ ದೊಡ್ಡಪ್ಪನ ಮಗ. ಭೂಕಂಪದಲ್ಲಿ ಬಿದ್ದ ಅವರ ಹಳೇ ಮನೆಯ ಜಾಗವನ್ನು ಇಷ್ಟು ವರ್ಷ ಯಾರೂ ಮುಟ್ಟಿರಲಿಲ್ಲ. ಸೋಯಾಬೀನ್ ಇಡಲು ಅಲ್ಲೊಂದು ಗೋದಾಮು ಕಟ್ಟೋಣವೆಂದು ಈಗ ಜೆಸಿಬಿ ತರಿಸಿದ್ದ. 'ಒಂದು ಎಲುಬು ಸಿಕ್ಕದ. ಅವ್ವ ಅದನ್ನ ಉಡ್ಯಾಗ ಹಾಕ್ಕೊಂಡು ಕುಂತಾಳ, ಯಾರಿಗೂ ಕೊಡವಲ್ಲಳು. ನೀ ಲಗೂನ ಬಾ' ಅಂದ.

ದೊಡ್ಡವ್ವನಿಗೆ ಈ ಅಣ್ಣನಿಗಿಂತ ಮೊದಲು ಒಬ್ಬ ಮಗನಿದ್ದ. ಭೂಮಿ ನಡುಗಿದ ಆ ರಾತ್ರಿ ಅವನಿಗೆ ಮೂರು ವರ್ಷ. ಮನೆ ಕುಸಿಯಿತು, ಹುಡುಗ ಒಳಗೇ ಉಳಿದ, ಹೆಣ ಸಿಗಲಿಲ್ಲ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂಡಿಸಿ, ವಿಭೂತಿ ಹಚ್ಚಿ, ಮಣ್ಣು ಕೊಡುತ್ತೇವೆ. ಮೈಮೇಲೆ ಅಷ್ಟು ಮಣ್ಣು ಬಿದ್ದರೂ ತನ್ನ ಕೂಸಿಗೆ ಮಣ್ಣು ಸಿಗಲಿಲ್ಲ ಎಂದು ದೊಡ್ಡವ್ವ ಹಬ್ಬ ಹುಣ್ಣಿಮೆಗೊಮ್ಮೆ ಅಳುವುದನ್ನು ನೋಡುತ್ತಲೇ ನಾನು ಬೆಳೆದವಳು.

ಉದಗೀರದಿಂದ ನಿಲಂಗಾ, ಅಲ್ಲಿಂದ ಕಾಸಾರಶಿರಸಿಯ ಬಸ್ಸು. ಅಣ್ಣ ಕಳಿಸಿದ ಫೋಟೊವನ್ನು ದಾರಿಯುದ್ದಕ್ಕೂ ನೋಡುವುದು, ಮೊಬೈಲು ಮಗುಚಿಡುವುದು, ಮತ್ತೆ ನೋಡುವುದು. ಮೋಟು ಎಲುಬು, ಎರಡೂ ತುದಿ ಇಲ್ಲ. ಅದೇ ನನ್ನನ್ನು ಕೊಂದದ್ದು. ಎಳೆಯ ಜೀವದ ಎಲುಬಿಗೆ ತುದಿಗಳು ಇನ್ನೂ ಕೂಡಿರುವುದಿಲ್ಲ, ಮಣ್ಣಲ್ಲಿ ಕಳಚಿ ಬೀಳುತ್ತವೆ. ಅಂದರೆ ಇದು ಯಾವುದೋ ಮರಿಯದು, ಇಲ್ಲ ಮಗುವಿನದು. ಪಕ್ಕದಲ್ಲಿ ಕೂತ ಮುದುಕಿ ನನ್ನ ಮುಖ ನೋಡಿ, ವಾಂತಿ ಬರುವಂತಿದ್ದರೆ ಕಿಟಕಿಗೆ ಬಾ ಎಂದು ಮರಾಠಿಯಲ್ಲಿ ಹೇಳಿ ಜಾಗ ಬಿಟ್ಟಳು. ಸುಡುಗಾಡು ವಿದ್ಯೆ, ಯಾಕಾದರೂ ಕಲಿತೆನೋ ಎಂದು ನನ್ನನ್ನೇ ಬೈದುಕೊಂಡೆ.

ಕಾಸಾರಶಿರಸಿಯಲ್ಲಿ ಅಣ್ಣ ಗಾಡಿ ತಂದಿದ್ದ. ಸಾಸ್ತೂರಿಗೆ ಹೋದರೆ, ದೊಡ್ಡವ್ವ ಅಗೆದ ಮಣ್ಣಿನ ದಿಬ್ಬದ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ನನ್ನನ್ನು ಕಂಡು ತಾನಾಗಿ ಉಡಿ ಬಿಚ್ಚಿದಳು. ನಾಲ್ಕು ಮಂದಿ ಸುತ್ತ ನಿಂತರು. ಡಾಕ್ಟರಬಾಯಿ ಬಂದಳು, ಈಗ ತಿಳಿಯುತ್ತದೆ ಎಂದು ಯಾರೋ ಅಂದರು. ನಾನು ಎರಡೂ ಕೈ ಚಾಚಿ ಎಲುಬನ್ನು ತೆಗೆದುಕೊಂಡೆ.

ತೋಳಿನ ಎಲುಬು. ಗಿಡ್ಡ, ದಪ್ಪ, ನಡುವೆ ತಿರುಚಿದ ಹಾಗೆ. ಮನುಷ್ಯರದು ಇಷ್ಟು ತಿರುಚಿರುವುದಿಲ್ಲ ಅನ್ನಿಸಿತು. ಆದರೆ ಅನ್ನಿಸುವುದೇ ಬೇರೆ, ದೊಡ್ಡವ್ವನ ಎದುರು ಹೇಳುವುದೇ ಬೇರೆ. ಇದು ಸಿಕ್ಕ ಕಡೆ ಇನ್ನಷ್ಟು ಕೆದರಿ ನೋಡಿರೆಂದೆ. ಅಣ್ಣ ಕೆದರಿದ, ಇನ್ನೊಂದು ಎಲುಬು ಸಿಕ್ಕಿತು. ಒರೆಸಿದೆ. ಮುಂಬದಿಯಲ್ಲಿ, ಉದ್ದಕ್ಕೆ, ಆ ಗೀರು.

ಹೋದ ಜೀವ ಬಂದ ಹಾಗಾಯಿತು ನನಗೆ. ಇದು ಕರುವಿನ ಮುಂಗಾಲು, ಮನುಷ್ಯರಿಗೆ ಹೀಗಿರುವುದೇ ಇಲ್ಲ, ಹೆದರಬೇಡಿ ಎಂದು ಒಂದೇ ಉಸಿರಿಗೆ ಹೇಳಿದೆ. ಗೀರಿನ ಮೇಲೆ ಅಣ್ಣನ ಬೆರಳಿಟ್ಟು ತೋರಿಸಿದೆ ಬೇರೆ. ಪರೀಕ್ಷೆಯಲ್ಲೂ ಇಷ್ಟು ಚಂದ ಹೇಳಿರಲಿಲ್ಲ. ಅಣ್ಣ ನಕ್ಕು, ಜೆಸಿಬಿಯವನಿಗೆ ಚಾಲೂ ಮಾಡು ಎಂದು ಕೈ ಮಾಡಿದ.

'ಬಂದ್ ಮಾಡಸು ಅದನ್ನ' ಅಂದಳು ದೊಡ್ಡವ್ವ.

ಎಲುಬನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಉಡಿಗೆ ಹಾಕಿದಳು. 'ಅವತ್ತ ಮಳಿ ಭಾಳ ಇತ್ತಂತ ಕರಾ ಒಳಗ ಕಟ್ಟಿದ್ದೆ. ಹುಡುಗ ಹಟಾ ಮಾಡಿ ಅದರ ಮಗ್ಗಲ್ದಾಗ ಮಕ್ಕೊಂಡಿದ್ದ. ಬಿದ್ದ ಮ್ಯಾಲ ಎಲ್ಲಾ ಬರೇ ಕಲ್ಲಾಯ್ತು, ಎಲ್ಲಿ ಪಡಸಾಲಿ, ಎಲ್ಲಿ ಅಡಗಿಮನಿ, ಯಾರಿಗೂ ಗೊತ್ತಾಗಲಿಲ್ಲ. ಈಗ ಗೊತ್ತಾಯ್ತು.'

ಜೆಸಿಬಿಯವನು ತಾನೇ ಇಂಜಿನ್ ನಿಲ್ಲಿಸಿ ಕೆಳಗಿಳಿದ. ಅಣ್ಣ ಸಣ್ಣ ಗುದ್ದಲಿ ತಂದ. ದೊಡ್ಡವ್ವ ನನಗೆ, ನೀನು ಎಲುಬು ಓದಿದವಳು, ನೀನೇ ಇಳಿ ಅಂದಳು. ನಾನು ಓದಿದ್ದು ದನದ ಎಲುಬು, ಮನುಷ್ಯರದಲ್ಲ ಎಂದುಕೊಳ್ಳುತ್ತಲೇ ತೋಳು ಮೇಲೇರಿಸಿಕೊಂಡೆ. ತಗ್ಗಿಗೆ ಇಳಿದು ಕೈಯಿಂದಲೇ ಮಣ್ಣು ಸರಿಸತೊಡಗಿದೆ. ಪ್ರತಿ ಹಿಡಿಗೂ ಏನೂ ಸಿಗದಿರಲಿ, ಏನೂ ಸಿಗದಿರಲಿ ಎನ್ನುತ್ತಿದ್ದೆ. ಬಿಸಿಲು ನೆತ್ತಿಯ ಮೇಲಿತ್ತು.

ಒಂದು ಚಪ್ಪಡಿ ಎತ್ತಿದಾಗ ಕಂಡವು. ಎರಡು ತೆಳ್ಳಗಿನ ಎಲುಬುಗಳು, ಜೊತೆಜೊತೆಗೆ, ಒಂದಕ್ಕೊಂದು ಅಂಟದೆ. ನಾಯಿದಿರಲಿ ದೇವರೇ, ನಾಯಿದಿರಲಿ ಅಂದೆ. ಎತ್ತಿ ಬೆಳಕಿಗೆ ಹಿಡಿದೆ. ನಾಯಿಯದಾಗಿದ್ದರೆ ಮುಂದಿನದು ಚಪ್ಪಟೆಯಾಗಿ ಬಾಗಿರಬೇಕಿತ್ತು, ಹಿಂದಿನದು ಅದಕ್ಕೆ ಒತ್ತಿಕೊಂಡು ಅಡ್ಡ ಹಾದಿರಬೇಕಿತ್ತು. ಇವು ಹಾಗಿರಲಿಲ್ಲ. ನನ್ನ ಮುಂಗೈಯ ಮೇಲಿಟ್ಟುಕೊಂಡೆ. ಅರ್ಧಕ್ಕೆ ಬಂದವು.

ಅಣ್ಣ ನನ್ನ ಮುಖ ನೋಡಿ ಅತ್ತ ತಿರುಗಿದ. ದೊಡ್ಡವ್ವ ತಗ್ಗಿನ ಅಂಚಿಗೆ ಬಂದು ಕೂತು ಕೇಳಿದಳು.

'ಇದೂ ಕರಾದ್ದೇನು, ತಂಗಿ?'

'ಅಲ್ಲ, ದೊಡ್ಡವ್ವ.'

ಅವಳು ಸೆರಗು ಅಗಲ ಮಾಡಿದಳು. ಕರುವಿನ ಎಲುಬುಗಳನ್ನು ತೆಗೆಯಲಿಲ್ಲ. ಅದರ ಮಗ್ಗುಲಿಗೇ ಇಡು ಅಂದಳು.