ವಾಯಿದೆ ಕೇಳುವ ವಿದ್ಯೆ

ತಂತಾ ನಗರದ ಕ್ರಿಮಿನಲ್ ಕೋರ್ಟಿನಲ್ಲಿ ಕರಿ ಗೌನು ತೊಟ್ಟ ಎಳೆಯ ವಕೀಲರನ್ನು ಸಾಲಾಗಿ ನಿಲ್ಲಿಸಿದರೆ ಅರ್ಧಕ್ಕರ್ಧ ಮಂದಿ ನಮ್ಮ ಉಸ್ತಾದ್ ರಿಫ್ಕಿ ಷಿನ್ನಾವಿಯವರ ಶಿಷ್ಯರೇ. ನಾನೂ ಒಬ್ಬಳು. ಕಾನೂನು ಪದವಿ ಮುಗಿಸಿ ಅವರ ಕಚೇರಿಗೆ ಕಾಲಿಟ್ಟ ದಿನ ನನ್ನ ಅಂಕಪಟ್ಟಿಯ ಮೇಲೆ ಚಹಾ ಲೋಟ ಇಟ್ಟು, "ರಬಾಬ್, ಕಾಲೇಜಲ್ಲಿ ಕಲಿತಿದ್ದನ್ನೆಲ್ಲ ಮರೀತೀಯ ತಾನೆ?" ಎಂದು ಕೇಳಿದರು. ಕಲಿತದ್ದೇ ಕಡಿಮೆಯಿದ್ದುದರಿಂದ ನನಗೆ ಅಷ್ಟೇನೂ ಕಷ್ಟವಾಗಲಿಲ್ಲ.

ಉಸ್ತಾದರು ರೈಲ್ವೆ ಗುಮಾಸ್ತರ ಮಗ. ಮೂವತ್ತೆರಡು ವರ್ಷಗಳ ವಕೀಲಿಯಲ್ಲಿ ಅವರು ಸಂಪಾದಿಸಿದ್ದು ಒಂದು ಗಂಟಲು. ಅವರು ವಾದಕ್ಕೆ ನಿಂತರೆ ಪಕ್ಕದ ಕೋಣೆಯ ನ್ಯಾಯಾಧೀಶರು ತಮ್ಮ ಬಾಗಿಲು ಹಾಕಿಸುತ್ತಿದ್ದರು. ದಿನಾ ಬೆಳಿಗ್ಗೆ ಕೋರ್ಟಿನೆದುರಿನ ಚಹಾದಂಗಡಿಯಲ್ಲಿ ಬೇಯಿಸಿದ ಅವರೆ ತಿಂದು, ಎರಡು ಲೋಟ ಚಹಾ ಇಳಿಸಿ, ಆಮೇಲೆ ನ್ಯಾಯದ ಕಡೆ ಗಮನ ಕೊಡುತ್ತಿದ್ದರು. ಕಡತ ಓದುವ ಚಟ ಮಾತ್ರ ಅವರಿಗಿರಲಿಲ್ಲ. "ಓದಿದ್ರೆ ಅನುಮಾನ ಬರುತ್ತಮ್ಮ. ಅನುಮಾನ ಬಂದ್ರೆ ಗಂಟಲು ಕೂತ್ಹೋಗುತ್ತೆ," ಎನ್ನುತ್ತಿದ್ದರು.

ಮೊದಲ ಆರು ತಿಂಗಳು ನಾನು ಅವರ ಚೀಲ ಹೊರಲು ಕಲಿತೆ. ಆಮೇಲೆ ಗೌನಿನ ತೋಳು ಝಾಡಿಸಲು ಕಲಿತೆ. ಕೊನೆಗೆ ಮಹಾವಿದ್ಯೆಯ ಉಪದೇಶವಾಯಿತು: "ಮಾನ್ಯ ನ್ಯಾಯಾಧೀಶರೇ, ಕಡತ ಓದಿಕೊಳ್ಳಲು ವಾಯಿದೆ ಕೋರುತ್ತೇನೆ." ಇದೊಂದು ವಾಕ್ಯವನ್ನು ಕಚೇರಿಯ ಕನ್ನಡಿಯೆದುರು ನನ್ನಿಂದ ಎರಡು ವಾರ ಹೇಳಿಸಿದರು. "'ಕಡತ' ಅಂದ್ಮೇಲೆ ಸ್ವಲ್ಪ ನಿಲ್ಲಿಸು. ರಾತ್ರಿಯೆಲ್ಲ ನಿದ್ದೆಗೆಟ್ಟವಳ ಥರ ಕಾಣ್ಬೇಕು."

ನನಗೆ ಸಿಕ್ಕ ಮೊದಲ ಕಕ್ಷಿದಾರ ಶಹ್ಹಾತಾ. ಹತ್ತಿ ಹಿಂಜಿ ಹಾಸಿಗೆ ಹೊಲಿಯುವವನು. ಫೋನು ಕದ್ದನೆಂದು ಪೊಲೀಸರು ಹಿಡಿದು ಜೈಲಿಗೆ ಹಾಕಿದ್ದರು. ಅವನಿಗಾಗಿ ನಾನು ಮೂರು ಸಲ ವಾಯಿದೆ ಗೆದ್ದೆ. ಹೌದು, ನಾವು ಗೆದ್ದೆವು ಎಂದೇ ಹೇಳುತ್ತಿದ್ದೆವು. ಪ್ರತಿ ಸಲವೂ ಉಸ್ತಾದರು ರವೆಯ ಸಿಹಿತಿಂಡಿ ಬಸ್ಬೂಸಾ ತರಿಸಿ ಕಚೇರಿಗೆಲ್ಲ ಹಂಚಿದರು. ಕೋರ್ಟಿನಲ್ಲಿ ಆರೋಪಿಗಳನ್ನು ನಿಲ್ಲಿಸುವ ಕಬ್ಬಿಣದ ಪಂಜರದೊಳಗಿನಿಂದ ಶಹ್ಹಾತಾ ಎದೆಯ ಮೇಲೆ ಕೈಯಿಟ್ಟು ನನಗೆ ವಂದಿಸುತ್ತಿದ್ದ. ನಾನು ಅವನಿಗಾಗಿ ಹೋರಾಡುತ್ತಿದ್ದೇನೆಂದು ಅವನು ನಂಬಿದ್ದ. ನಾನೂ ಹಾಗೇ ನಂಬಿದ್ದೆ.

ನಾಲ್ಕನೇ ಸಲಕ್ಕೆ ಪೀಠದಲ್ಲಿ ಹೊಸ ನ್ಯಾಯಾಧೀಶರಿದ್ದರು. ನಾನು ತೋಳು ಝಾಡಿಸಿ, 'ಕಡತ' ಅಂದಮೇಲೆ ಸ್ವಲ್ಪ ನಿಲ್ಲಿಸಿ, ಮಂತ್ರ ಮುಗಿಸಿದೆ.

"ಇನ್ನೂ ಓದಿಲ್ವಾ?" ಎಂದರು ಅವರು. "ಅಲ್ಲೇ ಬೆಂಚಲ್ಲಿ ಕೂತು ಓದಿ. ಕೊನೇಗೆ ಕರೀತೀನಿ. ಇವತ್ತೇ ವಾದ, ಇವತ್ತೇ ತೀರ್ಪು."

ಹೊರಗೋಡಿ ಉಸ್ತಾದರಿಗೆ ಫೋನು ಮಾಡಿದೆ. "ತಲೆ ತಿರುಗಿ ಬೀಳು!" ಎಂದರು. "ನಾನು ಎಷ್ಟು ಸಲ ಬಿದ್ದಿಲ್ಲ? ಮೊದಲು ಗೌನು ಹಾಸ್ಕೋ, ಬಟ್ಟೆ ಕೊಳೆಯಾಗಲ್ಲ."

ಒಳಗೆ ಬಂದು ನೆಲ ನೋಡಿದೆ, ಪಂಜರ ನೋಡಿದೆ. ಶಹ್ಹಾತಾ ಎದೆಯ ಮೇಲೆ ಕೈಯಿಟ್ಟ. ಬೀಳಲು ಮನಸ್ಸಾಗಲಿಲ್ಲ. ಕೂತು ಕಡತ ಬಿಚ್ಚಿದೆ. ಒಟ್ಟು ಏಳು ಪುಟ.

ಪೊಲೀಸರ ವರದಿ ಹೀಗಿತ್ತು: ಮಧ್ಯಾಹ್ನ ಮೂರು ಗಂಟೆಗೆ ಆರೋಪಿಯು ಕೋರ್ಟಿನೆದುರಿನ ಚಹಾದಂಗಡಿಯಲ್ಲಿ ಗಿರಾಕಿಗಳ ನಡುವೆ ಕುಳಿತು, ಚಹಾ ಕುಡಿಯುತ್ತಾ, ಕದ್ದ ಫೋನನ್ನು ಮಾರಲು ಯತ್ನಿಸುತ್ತಿದ್ದನು. ಆ ಠಾಣೆಯವರು ಹಿಡಿದ ಕಳ್ಳರೆಲ್ಲ ಚಹಾ ಕುಡಿಯುತ್ತಲೇ ಸಿಗುತ್ತಾರೆ, ವರದಿಯಲ್ಲಿ ಹೆಸರೊಂದು ಬದಲಾಗುತ್ತದೆ. ಕೆಳಗಿದ್ದ ತಾರೀಕು ನೋಡಿ ಬೆರಳು ಮಡಚಿ ಎಣಿಸಿದೆ. ರಂಜಾನಿನ ಹನ್ನೆರಡನೆಯ ದಿನ! ಆ ತಿಂಗಳು ಪೂರ್ತಿ ಹಗಲು ಅಂಗಡಿ ಮುಚ್ಚಿರುತ್ತದೆಂದು ಉಸ್ತಾದರು ನಮ್ಮ ಮೇಲೆಲ್ಲ ಸಿಡುಕುತ್ತಿದ್ದರು.

ಕರೆದಾಗ ಎದ್ದು ಅಷ್ಟನ್ನೇ ಹೇಳಿದೆ. ತೋಳು ಝಾಡಿಸುವುದು ಮರೆತೇಹೋಯಿತು. ನ್ಯಾಯಾಧೀಶರು ಪುಟ ತಿರುವಿ, ಬಾಗಿಲಲ್ಲಿ ಹೆಸರು ಕೂಗುವ ಮುದುಕನ ಕಡೆ ನೋಡಿದರು. "ಏನಯ್ಯ, ಎದುರಿನ ಅಂಗಡಿ ರಂಜಾನಲ್ಲಿ ಎಷ್ಟು ಹೊತ್ತಿಗೆ ತೆಗೀತಾರೆ?"

"ಹೊತ್ತು ಮುಳುಗಿದ್ಮೇಲೆ ಸ್ವಾಮಿ. ಆಮೇಲೂ ಕುರ್ಚಿ ಸಿಗೋದು ನಮ್ಮ ಪುಣ್ಯ."

ಕೋರ್ಟೆಲ್ಲ ನಕ್ಕಿತು. ವರದಿ ಬರೆದ ಅಧಿಕಾರಿಯನ್ನು ವಿಚಾರಿಸಬೇಕೆಂದು ಬರೆಸಿ, ಶಹ್ಹಾತಾನನ್ನು ಖುಲಾಸೆ ಮಾಡಿದರು.

ಸುದ್ದಿ ತಿಳಿದು ಉಸ್ತಾದರು ಓಡಿಬಂದರು. "ನನ್ನ ಗರಡಿಯ ಹುಡುಗಿ!" ಎಂದು ಮೊಗಸಾಲೆ ಅದುರುವಂತೆ ಸಾರಿದರು. ಬಸ್ಬೂಸಾ ತರಲು ಆಗಲೇ ಆಳು ಹೋಗಿದ್ದನಂತೆ. ನಾನು ಬೀಗುತ್ತಾ ಪಂಜರದ ಹತ್ತಿರ ಹೋದೆ.

ಶಹ್ಹಾತಾ ಅಳುತ್ತಿದ್ದ. "ವಕೀಲಮ್ಮ, ಆ ಮಾತು ಎಷ್ಟನೇ ಪುಟದಲ್ಲಿತ್ತು?"

"ಎರಡನೇ ಪುಟ."

"ನಿಮ್ಗೆ ಪುಣ್ಯ ಬರ್ಲಿ," ಎಂದು ಕಣ್ಣೊರೆಸಿಕೊಂಡ. ಅವನ ಮುಖದಲ್ಲಿ ಕುಹಕ ಎಳ್ಳಷ್ಟೂ ಇರಲಿಲ್ಲ. "ನಂಗೆ ಓದೋಕೆ ಬರಲ್ಲ ನೋಡಿ. ಎರಡು ಪುಟ ಓದೋಕೆ ನಾಲ್ಕು ತಿಂಗಳು ಹಿಡಿಯುತ್ತೆ ಅಂತ ಗೊತ್ತೇ ಇರ್ಲಿಲ್ಲ. ಪಾಪ, ನೀವು ಎಷ್ಟು ಕಷ್ಟಪಟ್ರೋ. ಅಷ್ಟರಲ್ಲಿ ನನ್ನ ಮಗಳು ನಡೆಯೋದು ಕಲಿತಳಂತೆ."

ನಾಚಿಕೆಯಿಂದ ನನ್ನ ಮೈಯೆಲ್ಲ ಬಿಸಿಯಾಯಿತು. ಅವತ್ತಿನ ಬಸ್ಬೂಸಾ ನನಗೆ ಸೇರಲಿಲ್ಲ.