ಕುರಿದೊಡ್ಡಿಯ ಕಿಂಡಿ

ದೊಡ್ಡ ಲೆನ್ಸು ಕೊಂಡವನಿಗೆ ಗುಬ್ಬಿ ಸಾಲುವುದಿಲ್ಲ. ಧಾರವಾಡದ ಕಾಲೇಜೊಂದರಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಪಾಠ ಹೇಳಿ ನಿವೃತ್ತನಾದ ಮೇಲೆ ನಾನು ಹೊಸದಾಗಿ ಕಲಿತದ್ದು ಇಷ್ಟೇ. ಮೊದಲ ವಾರ ಹಿತ್ತಲಿನ ಗುಬ್ಬಿ, ಎರಡನೆಯ ವಾರ ಕೆರೆಯ ಮಿಂಚುಳ್ಳಿ, ಆಮೇಲೆ ಹೆಬ್ಬಳ್ಳಿಯ ಹೊಲಗಳ ನವಿಲು, ಹೀಗೆ ನನ್ನ ಆಸೆಯೂ ಲೆನ್ಸಿನಂತೆಯೇ ಹಂತಹಂತವಾಗಿ ಉದ್ದವಾಗುತ್ತ ಹೋಗಿ, ಕೊನೆಗೆ ಹಿಮಾಲಯದ ಸ್ಪಿತಿ ಕಣಿವೆಯ ಹಿಮಚಿರತೆಯ ಮೇಲೆ ನಿಂತಿತು. ಮಾಘದ ಚಳಿಗೇ ಮಂಕಿಟೊಪ್ಪಿಗೆ ಹಾಕಿಕೊಳ್ಳುವವನು ಹೆಪ್ಪುಗಟ್ಟಿದ ನದಿಯ ದಂಡೆಯಲ್ಲಿ ಹೇಗೆ ಬದುಕಿ ಬಂದೇನೆಂದುಕೊಂಡೆನೋ, ಆ ಪ್ರಶ್ನೆಯನ್ನು ನನ್ನ ಹೆಂಡತಿ ಈಗಾಗಲೇ ಕೇಳಿದ್ದಾಳೆ, ನೀವು ಕೇಳಬೇಡಿ.

ಜೊತೆಗೆ ಬಂದವರು ಇಮಾಮಸಾಬರು. ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಕ್ಯಾಮೆರಾ ದುರಸ್ತಿಯ ಅಂಗಡಿ, ಲಗ್ನದ ದಿನಗಳಲ್ಲಿ ಫೋಟೋ ತೆಗೆಯುವ ಕೆಲಸ, ಮನೆಯ ಹಿಂದೆ ನಾಲ್ಕು ಆಡು. ಇವಿಷ್ಟರಲ್ಲಿ ಅರವತ್ತು ವರ್ಷ ತುಂಬಿದ ಮನುಷ್ಯ. ಲೆನ್ಸಿನ ಗಾಜನ್ನು ಅವರೆದುರು ಯಾರಾದರೂ ಬೆರಳಿನಿಂದ ಮುಟ್ಟಿದರೆ, ತಮ್ಮ ಕಣ್ಣಿಗೇ ಬೆರಳು ಹಾಕಿದಂತೆ ಮುಖ ಹಿಂಡುತ್ತಿದ್ದರು.

ನಾವು ಇಳಿದುಕೊಂಡದ್ದು ಹತ್ತೇ ಮನೆಗಳ ಒಂದು ಹಳ್ಳಿಯಲ್ಲಿ, ಡೋಲ್ಮಾ ಎಂಬ ನಡುವಯಸ್ಸಿನ ಹೆಂಗಸಿನ ಮನೆಯಲ್ಲಿ. ಎದುರಿಗೆ ಬೂದುಬಣ್ಣದ ಬೆಟ್ಟದ ಇಳಿಜಾರು. ಅಲ್ಲಿ ಹಿಮಚಿರತೆ ಓಡಾಡುತ್ತದೆ ಎಂದು ಅವಳೇ ಹೇಳಿದ್ದಳು. ನಾಲ್ಕು ದಿನ ಬೆಳಗಿನಿಂದ ಸಂಜೆಯವರೆಗೆ ಕಲ್ಲಿನಂತೆ ಕುಳಿತು ಕಲ್ಲನ್ನೇ ನೋಡಿದೆವು. ಮೂರು ಪ್ಯಾಂಟು ಒಂದರ ಮೇಲೊಂದು ಧರಿಸಿದ್ದ ನನಗೆ ಕುಳಿತರೆ ಏಳಲಾಗುತ್ತಿರಲಿಲ್ಲ, ಎದ್ದರೆ ಕೂಡಲಾಗುತ್ತಿರಲಿಲ್ಲ.

"ಮಾಸ್ತರ, ಮದಿವ್ಯಾಗ ಎಷ್ಟ ಮಂದಿ ಫೋಟೋ ತಗದೇನಿ, ಒಬ್ಬರೂ ಸುಮ್ಮನ ನಿಂದ್ರೂದಿಲ್ಲ. ಈ ಗುಡ್ಡ ನೋಡ್ರಿ, ಎಷ್ಟ ಛಲೋ ಕುಂತೈತಿ. ಇದರದ ತಕ್ಕೊಂಡ ಹೋಗೂಣು" ಎಂದು ಇಮಾಮಸಾಬರು ನಗಿಸುತ್ತಿದ್ದರು. ಆದರೆ ನಾಲ್ಕನೆಯ ದಿನ ಅವರೂ ನಗಲಿಲ್ಲ. ಯಾರೋ ನಮ್ಮನ್ನು ನೋಡುತ್ತಿದ್ದಾರೆಂಬ ಭಾವನೆ ಇಬ್ಬರಿಗೂ ಬಂದಿತ್ತು. ಸಂಜೆ ಡೋಲ್ಮಾ ಎಂದಿನಂತೆ ಚಹಾ ಕೊಟ್ಟು, "ಕಂಡಿತೇ?" ಎಂದು ಹಿಂದಿಯಲ್ಲಿ ಕೇಳಿದಳು. ನನ್ನ ಸಪ್ಪೆ ಮುಖ ನೋಡಿ, "ಬರುತ್ತದೆ. ನಿಮಗಾಗಿ ನಾನೂ ಬೇಡಿಕೊಳ್ಳುತ್ತಿದ್ದೇನೆ" ಎಂದಳು.

ಐದನೆಯ ದಿನ ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಡೋಲ್ಮಾ ಬಾಗಿಲಲ್ಲಿ ನಿಂತು, "ಬಂದಿದೆ. ಕ್ಯಾಮೆರಾ ತನ್ನಿ" ಎಂದಳು.

ಅವಳ ದನಿಯಲ್ಲಿ ಏನೂ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಆಮೇಲೆ. ಆಗ ನಾನು ಬೂಟಿನ ದಾರವನ್ನೂ ಕಟ್ಟಿಕೊಳ್ಳದೆ ಹಿಂದೆ ಓಡಿದೆ. ಅವಳು ಬೆಟ್ಟದ ಕಡೆ ತಿರುಗದೆ ಮನೆಯ ಹಿಂಬದಿಗೆ ನಡೆದಳು. ಅಲ್ಲಿ ಅವಳ ಕುರಿದೊಡ್ಡಿ: ಆಳೆತ್ತರದ ಕಲ್ಲುಗೋಡೆ, ಮಣ್ಣಿನ ಚಾವಣಿ, ಚಾವಣಿಯಲ್ಲಿ ಬೆಳಕಿಗೆಂದು ಬಿಟ್ಟ ಒಂದು ಕಿಂಡಿ. ಕಿಂಡಿಗೆ ಬಿಗಿದಿದ್ದ ತಂತಿಬಲೆ ಹರಿದು ಒಳಕ್ಕೆ ಜೋತುಬಿದ್ದಿತ್ತು. ಏಣಿಯಿಂದ ಚಾವಣಿ ಹತ್ತಿ ಇಣುಕಿದೆ.

ಮೊದಲು ಕತ್ತಲೆ. ಆಮೇಲೆ, ನೆಲದ ತುಂಬ ಉಣ್ಣೆಯ ಕಂಬಳಿಗಳನ್ನು ಎಸೆದು ಬಿಟ್ಟಂತೆ ಹತ್ತು ಕುರಿಗಳು. ಯಾವುದೂ ಅಲುಗುತ್ತಿರಲಿಲ್ಲ. ಮೂಲೆಯಲ್ಲಿ ಒಂದು ಮಾತ್ರ ನಿಂತಿತ್ತು, ಗೋಡೆಗೆ ಮುಖ ಮಾಡಿ. ಅದರ ಪಕ್ಕದಲ್ಲೇ, ಒಂದು ಮೊಳವೂ ಅಂತರವಿಲ್ಲದೆ, ಕಲ್ಲೆಂದು ನಾನು ತಿಳಿದಿದ್ದ ವಸ್ತು ಕಣ್ಣು ತೆರೆಯಿತು.

ನಾನು ಫೋಟೋ ತೆಗೆದೆ. ಇದನ್ನು ಬರೆಯದೆ ಬಿಡಬಹುದಿತ್ತು, ಆದರೆ ತೆಗೆದೆ. ಕ್ಯಾಮೆರಾ ಒಂದೇ ಉಸಿರಿಗೆ ಹತ್ತಿಪ್ಪತ್ತು ಸಲ ಸದ್ದು ಮಾಡಿತು. ಒಳಗೆ ಚಿರತೆಯ ಕಿವಿ ಅಲುಗಿತು, ಕುರಿಯದು ಅಲುಗಲಿಲ್ಲ. ಕೆಳಗೆ ಡೋಲ್ಮಾ ಕೈಕಟ್ಟಿ ನಿಂತಿದ್ದಳು.

"ಆಯಿತೇ? ಬಾಗಿಲು ತೆಗೆಯಲೇ?" ಎಂದಳು. "ನಸುಕಿನಲ್ಲೇ ತೆಗೆಯುತ್ತಿದ್ದೆ. ನಿಮಗೆ ಬೇಕಿತ್ತಲ್ಲ ಎಂದು ನಿಲ್ಲಿಸಿದೆ."

ಇಮಾಮಸಾಬರು ನನ್ನ ಪಕ್ಕಕ್ಕೆ ಏರಿ ಬಂದು ಒಳಗೆ ನೋಡಿದರು. "ಮಾಸ್ತರ, ಸಾಕ್ ಮಾಡ್ರಿ. ಒಂದ ಜೀವಂತ ಐತಿ ಒಳಗ."

"ಒಂದ ನಿಮಿಷ ತಡೀರಿ ಸಾಬ್ರ, ಬೆಳಕ ಈಗ ಬರಾಕತ್ತೈತಿ" ಎಂದೆ. ಆ ಮಾತು ನನ್ನದೇ.

ಅವರು ಕೈಗವಸು ಕಳಚಿ, ಬರಿಯ ಅಂಗೈಯನ್ನು ಲೆನ್ಸಿನ ಗಾಜಿನ ಮೇಲೆ ಒತ್ತಿ ಹಿಡಿದರು. ನನ್ನ ಕಣ್ಣಿನ ಮುಂದೆ ಚಿರತೆ ಹೋಗಿ, ಬರೀ ಕಪ್ಪು ಉಳಿಯಿತು.

ಡೋಲ್ಮಾ ಅಗುಳಿ ಸರಿಸಿ ಬಾಗಿಲು ತೆಗೆದು ಗೋಡೆಯ ಮರೆಗೆ ಸರಿದಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅದು ಬಂತು. ಓಡಲಿಲ್ಲ, ಗುರುಗುಟ್ಟಲಿಲ್ಲ, ನಾವು ಮೂವರೂ ಇಲ್ಲವೇ ಇಲ್ಲವೆಂಬಂತೆ, ತನ್ನ ಮೈಗಿಂತ ಉದ್ದವಾಗಿ ತೋರುವ ಬಾಲವನ್ನು ಹಿಮದ ಮೇಲೆ ತೇಲಿಸುತ್ತ ಇಳಿಜಾರಿನತ್ತ ನಡೆಯಿತು.

ಅದರ ಹಿಂದೆ ಬದುಕುಳಿದ ಕುರಿ ಹೊರಬಂತು. ಬಂದು, ಚಿರತೆಯ ಹೆಜ್ಜೆಗಳ ಮೇಲೆಯೇ ಹೆಜ್ಜೆಯಿಡುತ್ತ, ಅದೇ ನಿಧಾನದಲ್ಲಿ ಅದರ ಹಿಂದೆ ಹೊರಟಿತು. ಡೋಲ್ಮಾ ತನ್ನ ಭಾಷೆಯಲ್ಲಿ ಕೂಗಿದಳು. ಕುರಿ ತಿರುಗಲಿಲ್ಲ. ಮತ್ತೆ ಕೂಗಿದಳು; ಈ ಸಲ ಅವಳ ದನಿ ಒಡೆಯಿತು. ಮುಂದಿದ್ದ ಚಿರತೆ ಒಮ್ಮೆ ನಿಂತು ಹಿಂದೆ ನೋಡಿತು. ಕುರಿಯೂ ನಿಂತಿತು. ಅದು ನಡೆದಾಗ ಇದೂ ನಡೆಯಿತು.

ಇಮಾಮಸಾಬರು ಏಣಿಯಿಳಿದು, ಹಿಮದಲ್ಲಿ ಜಾರುತ್ತ ಏಳುತ್ತ ಹೋಗಿ ಕುರಿಯನ್ನು ಎರಡೂ ಕೈಯಿಂದ ಎತ್ತಿಕೊಂಡರು. "ಬಾರವಾ, ಅಲ್ಲೆಲ್ಲಿ ಹೊಂಟಿ? ಮನಿ ಇತ್ಲಾಗೈತಿ" ಎಂದು ತಮ್ಮ ಆಡಿಗೆ ಹೇಳುವಂತೆ ಅದರ ಕಿವಿಯಲ್ಲಿ ಹೇಳುತ್ತ ಹಿಂದಿರುಗಿದರು. ಅದು ಒದ್ದಾಡಲಿಲ್ಲ, ಅರಚಲಿಲ್ಲ. ಅವರ ಹೆಗಲ ಮೇಲಿನಿಂದ ಕುತ್ತಿಗೆ ತಿರುಗಿಸಿ ಇಳಿಜಾರನ್ನೇ ನೋಡುತ್ತಿತ್ತು.

ಆ ದಿನವೆಲ್ಲ ಸತ್ತ ಕುರಿಗಳನ್ನು ಹೊರಗೆಳೆದು ಹಾಕಲು ಡೋಲ್ಮಾಳಿಗೆ ನೆರವಾದೆವು. ಮಧ್ಯಾಹ್ನ ಅವಳಿಗೆ ಕ್ಷಮೆ ಕೇಳಹೋದೆ. ಅವಳು ಅರ್ಥವಾಗದವಳಂತೆ ನೋಡಿ, "ಫೋಟೋ ಚೆನ್ನಾಗಿ ಬಂದಿದೆಯೇ?" ಎಂದಳು. ಬಂದಿತ್ತು. ಎರಡು ಕಣ್ಣು, ಪಕ್ಕದಲ್ಲಿ ಒಂದು ಬೆನ್ನು. ಇವತ್ತಿಗೂ ಯಾರಿಗೂ ತೋರಿಸಿಲ್ಲ.

ಮರುದಿನ ಹೊರಡುವಾಗ ಅಡುಗೆಮನೆಯಲ್ಲಿ ಕಟ್ಟಿದ್ದ ಕುರಿಯನ್ನು ಡೋಲ್ಮಾ ಬಿಸಿಲಿಗೆ ಬಿಟ್ಟಳು. ಅದು ನೇರವಾಗಿ ಅಂಗಳದಂಚಿಗೆ ಹೋಗಿ ಬೆಟ್ಟಕ್ಕೆ ಮುಖ ಮಾಡಿ ನಿಂತಿತು.

"ಏನ್ ನೋಡಾಕತ್ತೈತ್ರಿ ಅದು?" ಎಂದು ಇಮಾಮಸಾಬರು ಮೆಲ್ಲಗೆ ಕೇಳಿದರು.

ನಾನೂ ಅತ್ತ ನೋಡಿದೆ. ಬರೀ ಕಲ್ಲು. ಅದು ಕಲ್ಲಾಗಿಯೇ ಇರಲಿ ಎಂದು ಬೇಡಿಕೊಳ್ಳುತ್ತ ಗಾಡಿ ಹತ್ತಿದೆ.