ಬರೆದ ಊರುಗಳನ್ನು ನೋಡಲು ಹೊರಟ ಗಾದ್ರಪ್ಪ

ಚಳ್ಳಕೆರೆಯ ಗಾದ್ರಪ್ಪ ಮೂವತ್ತೊಂದು ವರ್ಷ ಊರುಗಳ ಹೆಸರು ಬರೆದ. ಕಾಗದದ ಮೇಲಲ್ಲ, ಗೋಣಿಚೀಲದ ಮೇಲೆ. ಎಣ್ಣೆ ಮಿಲ್ಲಿನ ಅಂಗಳದಲ್ಲಿ ಅವನು ಹಮಾಲಿ. ಶೇಂಗಾ ಬೀಜದ ಚೀಲ ಹೊತ್ತು ಲಾರಿಗೆ ಹೇರುವುದು ಎಲ್ಲ ಹಮಾಲಿಗಳ ಕೆಲಸ. ಹೇರುವ ಮುಂಚೆ ಪ್ರತಿ ಚೀಲದ ಹೊಟ್ಟೆಯ ಮೇಲೆ ಕಪ್ಪು ಬಣ್ಣದಲ್ಲಿ ಅದು ಸೇರಬೇಕಾದ ಊರಿನ ಹೆಸರು ಬರೆಯುವುದು ಮಾತ್ರ ಅವನೊಬ್ಬನ ಕೆಲಸ.

ಮೊಳಕಾಲ್ಮೂರು ಕಡೆಯ ಹಟ್ಟಿಯೊಂದರಲ್ಲಿ ನಾಲ್ಕನೇ ಕ್ಲಾಸು ಓದಿ ಬಂದವನು. ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ, ಚೀಲದ ಮೇಲಿನ ಅಕ್ಷರ ಹಿಂದಿ. ಹಿಂದಿ ಅವನಿಗೆ ಓದಲು ಬರುತ್ತಿರಲಿಲ್ಲ. ಗುಮಾಸ್ತರು ಚೀಟಿಯಲ್ಲಿ ಗೀಚಿ ಕೊಟ್ಟದ್ದನ್ನು ರಂಗೋಲಿ ಎಳೆಯುವವರ ಹಾಗೆ ನೋಡಿ ನೋಡಿ ಎಳೆಯುತ್ತಿದ್ದ. ಇದು ಸೊಲ್ಲಾಪುರ, ಇದು ನಾಸಿಕ, ಇದು ಇಂದೂರು ಎಂದು ಗುಮಾಸ್ತರು ಹೇಳಿದರೆ ಆಯಿತು, ಆ ಊರಿನ ಮುಖ ಅವನ ಕೈಗೆ ಕೂತುಬಿಡುತ್ತಿತ್ತು. ಎಲ್ಲಕ್ಕಿಂತ ಹೆಚ್ಚು ಬರೆದದ್ದು ಸೊಲ್ಲಾಪುರ. ಸಂಜೆ ಕುಂಚ ತೊಳೆಯುವಾಗ ಜೊತೆಯವರನ್ನು ಕೇಳುತ್ತಿದ್ದನಂತೆ: "ಲೇ, ದಿನಾ ಬರೀತೀನಲ್ಲ, ಈ ಊರುಗಳು ನಿಜವಾಗ್ಲೂ ಅವೇನ್ರೋ?"

"ನೀನು ಬರೆಯೋದು ನಿಲ್ಸು, ಆವಾಗ ಗೊತ್ತಾಗ್ತೈತೆ" ಎಂದು ಅವರು ನಗುತ್ತಿದ್ದರು.

ಬರೆಯುವುದು ಹೋದ ವರ್ಷ ನಿಂತಿತು. ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಪಂಚೆಯ ಗಂಟು ದಿನಕ್ಕಿಷ್ಟು ಒಳಕ್ಕೆ ಸರಿಯಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿ, ಹೊಟ್ಟೆಯಲ್ಲಿ ಕ್ಯಾನ್ಸರು, ಈಗ ಲಿವರಿಗೂ ಹಬ್ಬಿದೆ ಎಂದರು. ನಾಲ್ಕು ಸಲ ಔಷಧಿ ಏರಿಸಿದ ಮೇಲೆ ಡಾಕ್ಟರಮ್ಮ ಹೆಂಡತಿ ಕಾಟಮ್ಮನನ್ನೂ ಮಗಳು ಪವಿತ್ರಳನ್ನೂ ಎದುರಿಗೆ ಕೂರಿಸಿಕೊಂಡು, ಮುಚ್ಚುಮರೆಯಿಲ್ಲದೆ ಹೇಳಿದರು: "ಇನ್ನು ಮೇಲೆ ಔಷಧಿ ರೋಗಕ್ಕಲ್ಲಮ್ಮ, ನೋವಿಗೆ."

ಪವಿತ್ರ ಅತ್ತಳು. ಕಾಟಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಗಾದ್ರಪ್ಪ ಮಾತ್ರ ಒಂದೇ ಪ್ರಶ್ನೆ ಕೇಳಿದ.

"ಸೊಲ್ಲಾಪುರಕ್ಕೆ ಹೋಗ್ಬೋದೇನ್ರೀ ಮೇಡಂ?"

"ಅಲ್ಲಿ ಯಾರಿದ್ದಾರೆ?"

"ಯಾರೂ ಇಲ್ರೀ. ಚೀಲದ ಮೇಲೆ ಬರೆದಿದೀನಿ. ನೋಡಿಲ್ಲ."

ಡಾಕ್ಟರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಬೇಡ ಎನ್ನಲಿಲ್ಲ. ಹೋಗುವುದಾದರೆ ಬೇಗ ಹೋಗಿ, ಮುಂದಿನ ಹಬ್ಬ ಕಳೆಯಲಿ ಎಂದು ಕಾಯಬೇಡಿ ಎಂದರು. ನಾಲ್ಕು ಗಂಟೆಗೊಮ್ಮೆ ನುಂಗುವ ನೋವಿನ ಮಾತ್ರೆ ಬರೆದುಕೊಟ್ಟರು.

ಬೇಡ ಎಂದವಳು ಪವಿತ್ರ. "ಅಪ್ಪಾ, ಕಾಯಿಲೆ ಮನುಷ್ಯ ಬಸ್ಸು ಹತ್ತಿ ಊರು ನೋಡ್ತೀನಿ ಅಂದ್ರೆ ಜನ ನನಗೆ ಉಗೀತಾರೆ. ಮನೇಲಿ ಇರು."

"ಮನೇನ ಬೇಕಾದಷ್ಟು ನೋಡಿದೀನಿ ಕಣವ್ವಾ."

ಹಟ ಮಾಡಿ ಬಸ್ಸು ಹತ್ತಿದ್ದೂ ಆಯಿತು. ಆದರೆ ಚಿತ್ರದುರ್ಗ ಬರುವಷ್ಟರಲ್ಲಿ ಬೆನ್ನು ನೆಟ್ಟಗೆ ನಿಲ್ಲಲಾರದೆ ಮುಖವೆಲ್ಲ ಬೆವರು. ಕೂರಲು ಆಗದು, ಮಲಗಲು ಜಾಗವಿಲ್ಲ. ಅದೇ ದಿನ ವಾಪಸ್ ಬಂದರು. ಗಾದ್ರಪ್ಪ ಎರಡು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದ. ನೋವಿಗಲ್ಲ ಎಂದು ಕಾಟಮ್ಮನಿಗೆ ಗೊತ್ತಿತ್ತು.

ಮೂರನೇ ದಿನ ನಾಯಕನಹಟ್ಟಿಯ ತಿಪ್ಪೇರುದ್ರ ನೋಡಲು ಬಂದ. ಇಪ್ಪತ್ತು ವರ್ಷದಿಂದ ಇದೇ ಮಿಲ್ಲಿನ ಸರಕು ಸಾಗಿಸುವ ಲಾರಿ ಡ್ರೈವರು. ಬಸ್ಸಿನ ಕತೆ ಕೇಳಿ ತೊಡೆ ತಟ್ಟಿದ.

"ಅಲ್ಲ ಗಾದ್ರಣ್ಣ, ನನ್ನ ಲಾರಿಯಾಗೆ ಸೀಟಿನ ಹಿಂದೆ ಆರಡಿ ಹಲಗೆ ಐತೆ. ಕಂಬಳಿ ಹಾಸಿದ್ರೆ ರಾಜನ ಮಂಚ. ಸೋಮವಾರ ಸೊಲ್ಲಾಪುರಕ್ಕೇ ಲೋಡು. ಬಾ."

"ಅವಳು?"

"ಅತ್ತಿಗೆ ಕ್ಲೀನರ್ ಸೀಟಲ್ಲಿ ಕೂತ್ಕಳ್ಳಲಿ. ಗ್ಲಾಸು ಒರೆಸೋಕೆ ಬರ್ತೈತಲ್ಲ?"

"ನಿನ್ನ ಮೂತಿ ಒರೆಸೋಕೂ ಬರ್ತೈತೆ" ಅಂದಳು ಕಾಟಮ್ಮ. ಆ ಮನೆಯಲ್ಲಿ ನಗು ಕೇಳಿ ತಿಂಗಳಾಗಿತ್ತು.

ಒಂದು ತೊಡಕಿತ್ತು. ಆ ಅಂಗಳದ ಹಮಾಲಿಗಳಲ್ಲಿ ಅಪ್ಪಂದಿರ ಕಾಲದಿಂದ ಬಂದ ಒಂದು ಮಾತುಂಟು: ಹೇರಿದವನು ಏರಬಾರದು. ಯಾವ ಲಾರಿಗೆ ನೀನು ಚೀಲ ಹೇರಿದೆಯೋ ಆ ಲಾರಿಯಲ್ಲಿ ನೀನು ಪ್ರಯಾಣ ಮಾಡಬಾರದು. ಬೆವರು ಆಗಲೇ ಲಾರಿಯಲ್ಲಿ ಕೂತಿರುತ್ತದೆ, ಮನುಷ್ಯನೂ ಕೂತರೆ ಒಂದೇ ಜೀವ ಎರಡು ಸಲ ತೂಗಿದಂತೆ, ಆ ಭಾರವನ್ನು ದಾರಿ ತಾಳುವುದಿಲ್ಲ ಎನ್ನುತ್ತಾರೆ. ಮೂವತ್ತೊಂದು ವರ್ಷ ಅಷ್ಟು ಲಾರಿ ಮುಂದಿದ್ದರೂ ಗಾದ್ರಪ್ಪ ಒಂದನ್ನೂ ಹತ್ತದಿದ್ದದ್ದಕ್ಕೆ ಇದೇ ಕಾರಣ. ಈಗ ಅವನು ಹೇರುವವನಲ್ಲವಲ್ಲ, ಹತ್ತಬಹುದು ಎಂದು ಎಲ್ಲರೂ ಒಪ್ಪಿದರು.

ಸೋಮವಾರ ಬೆಳಿಗ್ಗೆ ಅಂಗಳದ ಬೇವಿನ ಮರದಡಿ ಅವನನ್ನು ಮಂಚದ ಮೇಲೆ ಕೂರಿಸಿ ಹೇರಲು ಶುರು ಮಾಡಿದರು. ಇನ್ನೂರು ಚೀಲ. ಹತ್ತು ಗಂಟೆಗೆ ಮುಗಿಯಿತು, ಟಾರ್ಪಾಲು ಹೊದಿಸಿ ಹಗ್ಗ ಬಿಗಿದರು. ಕಾಟಮ್ಮ ರೊಟ್ಟಿ ಬುತ್ತಿ, ಮಾತ್ರೆ, ಬಿಸಿನೀರಿನ ಫ್ಲಾಸ್ಕು ಹಿಡಿದು ಹತ್ತಿದಳು. ಪವಿತ್ರ ಮುಖ ಊದಿಸಿಕೊಂಡೇ ಅಪ್ಪನ ತೋಳು ಹಿಡಿದು ತಂದಳು. ಗಾದ್ರಪ್ಪ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ. ತೆಗೆದ.

"ಲೇ ತಿಪ್ಪೇರುದ್ರ, ತಪ್ಪಾಗೈತೆ ಕಣೋ."

"ಏನಣ್ಣ?"

"ಹೇರೋವಾಗ ಒಬ್ಬನ ಹೆಗಲಿಂದ ಚೀಲ ಜಾರ್ತಿತ್ತು. ನನಗೇ ಗೊತ್ತಿಲ್ದಂಗೆ ಎದ್ದು ಹೆಗಲು ಕೊಟ್ಟುಬಿಟ್ಟೆ. ಅವನು ತಿರುಗಿ ಕೂಡ ನೋಡ್ಲಿಲ್ಲ."

ಯಾರೂ ನೋಡಿರಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಯಾವ ಚೀಲ?"

"ಚೀಲಕ್ಕೇನು ಮೂಗು ಬಾಯಿ ಇರ್ತಾವಾ, ಗುರುತು ಹಿಡಿಯೋಕೆ?"

"ಅಪ್ಪಾ!" ಅಂದಳು ಪವಿತ್ರ. ಅದುವರೆಗೆ ಬೇಡ ಬೇಡ ಎನ್ನುತ್ತಿದ್ದವಳು ಅವಳೇ. "ಇದೆಲ್ಲಾ ನಂಬ್ತೀಯಾ? ಸುಮ್ನೆ ಹತ್ತು. ಇನ್ನೊಂದ್ಸಲ ಅಂದ್ರೆ ನಿನಗೆ..." ಮುಂದಿನ ಮಾತನ್ನು ನುಂಗಿಕೊಂಡಳು.

ತಿಪ್ಪೇರುದ್ರ ಕೀಲಿ ಜೇಬಿಗೆ ಹಾಕಿಕೊಂಡ. "ನಿನ್ನಪ್ಪನಿಗೆ ದಾರ್ಯಾಗೆ ಏನಾದ್ರೂ ಆದ್ರೆ, ತಂಗೀ, ಅದು ಕಾಯಿಲೆ ಅಂತ ನೀನು ತಿಳ್ಕಂತೀಯ. ನಾನು ಸಾಯೋತನಕ ಆ ಚೀಲ ಹೊರಬೇಕು."

ಗಾದ್ರಪ್ಪ ತಲೆಯಾಡಿಸಿದ. "ಹೋಗಿ ಬಾರೋ. ಊರು ಎಲ್ಲಿಗೂ ಹೋಗಲ್ಲ." ಊರು ಹೋಗುವುದಿಲ್ಲ ನಿಜ, ಹೋಗುವವನು ಯಾರು ಎಂಬುದು ಅಲ್ಲಿ ನಿಂತಿದ್ದವರಿಗೆಲ್ಲ ತಿಳಿದಿತ್ತು.

ಆಗ ಹಮಾಲಿಗಳ ಮೇಸ್ತ್ರಿ ಮಹಾಂತೇಶ ತಲೆಯ ಟವೆಲ್ಲು ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡ. "ಬಿಚ್ರೋ ಹಗ್ಗ."

"ಎಲ್ಲಾನಾ?"

"ಯಾವುದು ಅಂತ ಗೊತ್ತಿಲ್ಲ ಅಂದ್ಮೇಲೆ ಎಲ್ಲಾನೂ. ಕೆಳಗಿಳಿಸಿ ಮತ್ತೆ ನಾವೇ ಹೇರಿದ್ರೆ ಅವನ ಹೆಗಲು ಕಳೀತು, ನಮ್ಮ ಹೆಗಲು ಬಂತು."

ಏಪ್ರಿಲ್ ತಿಂಗಳ ಬಿಸಿಲು. ಎಂಟು ಜನ ಇನ್ನೂರು ಚೀಲ ಇಳಿಸಿದರು, ಇನ್ನೂರು ಚೀಲ ಮತ್ತೆ ಹೇರಿದರು. ಒಬ್ಬನೂ ಗೊಣಗಲಿಲ್ಲ ಎಂದರೆ ಸುಳ್ಳು, ಬೈಯುತ್ತಲೇ ಹೊತ್ತರು. "ಸಾಯೋಕೆ ಮುಂಚೆ ನಮ್ಮನ್ನ ಸಾಯಿಸ್ತಾನೆ" ಎಂದ ಒಬ್ಬ. "ಅದಕ್ಕೇ ಅವನ್ನ ದೂರ ಕಳಿಸ್ತಿರೋದು" ಎಂದ ಇನ್ನೊಬ್ಬ. ಗಾದ್ರಪ್ಪ ಮತ್ತೆ ಎದ್ದಾನೆಂದು ಕಾಟಮ್ಮ ಅವನ ಎರಡು ಕೈಯನ್ನೂ ತನ್ನ ಸೆರಗಿನಲ್ಲಿ ಗಂಟು ಹಾಕಿ ಪಕ್ಕದಲ್ಲೇ ಕೂತಳು. ಅವನ ಕಣ್ಣಲ್ಲಿ ನೀರು ಇಳಿದರೆ ಒರೆಸಿಕೊಳ್ಳಲು ಕೈ ಇರಲಿಲ್ಲ, ಅವಳೇ ಒರೆಸಿದಳು. ಪವಿತ್ರ ಎಲ್ಲಿಂದಲೋ ಎರಡು ಬಿಂದಿಗೆ ಮಜ್ಜಿಗೆ ತಂದು, ಚೀಲ ಇಳಿಸಿ ಬಂದ ಒಬ್ಬೊಬ್ಬನಿಗೂ ಲೋಟ ತುಂಬಿ ಕೊಟ್ಟಳು.

ಎರಡು ಗಂಟೆಗೆ ಲಾರಿ ಹೊರಟಿತು.

ಹೊಸಪೇಟೆಯ ಹತ್ತಿರ ಸಂಜೆ, ಇಳಕಲ್ಲಿನ ಢಾಬಾದಲ್ಲಿ ನಿದ್ದೆ. ಬೆಳಿಗ್ಗೆ ಆಲಮಟ್ಟಿ ಬಳಿ ಕೃಷ್ಣೆಯನ್ನು ದಾಟುವಾಗ ಕಾಟಮ್ಮ ಕಿಟಕಿಯಿಂದ ಮುಖ ತೆಗೆಯಲಿಲ್ಲ. "ಇಷ್ಟೊಂದು ನೀರು ಒಂದೇ ಕಡೆ ಇಟ್ಕಂಡು ಏನು ಮಾಡ್ತಾರ್ರೀ?" ಎಂದಳು. ಗಾದ್ರಪ್ಪ ಹಲಗೆಯ ಮೇಲೆ ಮಗ್ಗುಲಾಗಿ ಮಲಗಿ, ನಾಲ್ಕು ಗಂಟೆಗೊಂದು ಮಾತ್ರೆ ನುಂಗುತ್ತ, ಹೆಂಡತಿಯ ಹೆಗಲಾಚೆ ರಸ್ತೆ ನೋಡಿದ. ವಿಜಯಪುರ ದಾಟಿ ಗಡಿ ದಾಟಿದ ಮೇಲೆ ಹಸಿರು ಫಲಕವೊಂದು ಬಂತು. ಅವನು ದಡಕ್ಕನೆ ಎದ್ದು ಕೂತ.

"ನಿಲ್ಸೋ! ನಿಲ್ಸೋ ಲೇ!"

ತಿಪ್ಪೇರುದ್ರ ಗಾಬರಿಯಾಗಿ ಬ್ರೇಕು ಹಾಕಿದ. "ನೋವಾ ಅಣ್ಣ?"

"ನಂದು ಕಣೋ ಅದು! ನಾನು ಬರೀತಿದ್ದಿದ್ದು ಅದೇ! ಊರು ಐತೆ ಕಣೇ ಕಾಟೀ, ಊರು ನಿಜವಾಗ್ಲೂ ಐತೆ!"

ಸೊಲ್ಲಾಪುರದ ಮಂಡಿಯಲ್ಲಿ ಲಾರಿ ನಿಂತಾಗ ಹನ್ನೊಂದು ಗಂಟೆ. ಬೀಜ ಹಸನು ಮಾಡುವ ಹೆಂಗಸರು ನೆರಳಲ್ಲಿ ಮೊರ ಹಿಡಿದು ಕೂತಿದ್ದರು. ಅವರಲ್ಲಿ ಹಿರಿಯಳು ಯರ್ರಮ್ಮ. ಅವಳು ಪಕ್ಕದವಳಿಗೆ ತೆಲುಗಿನಲ್ಲಿ ಏನೋ ಹೇಳಿದ್ದು ಕಿವಿಗೆ ಬಿದ್ದದ್ದೇ ಗಾದ್ರಪ್ಪನಿಗೆ ಅರ್ಧ ಕಾಯಿಲೆ ಇಳಿದಂತಾಯಿತು. ಅವ್ವನ ಭಾಷೆ ಅಷ್ಟು ದೂರದಲ್ಲಿ ಅವನಿಗಾಗಿ ಕಾದಿತ್ತು. ತಾನು ಚಳ್ಳಕೆರೆಯವನು, ಚೀಲದ ಮೇಲೆ ಹೆಸರು ಬರೆಯುತ್ತಿದ್ದವನು ಎಂದು ಅದೇ ಭಾಷೆಯಲ್ಲಿ ಹೇಳಿದ.

ಯರ್ರಮ್ಮ ಮೊರ ಕೆಳಗಿಟ್ಟಳು. "ಬಾಲದವನು ನೀನೇನಾ ಅಣ್ಣಾ?"

ಅವನು ಕೊನೆಯ ಅಕ್ಷರ ಮುಗಿಸುವಾಗ ಕುಂಚವನ್ನು ಕೆಳಕ್ಕೆ ಎಳೆದುಬಿಡುತ್ತಿದ್ದ, ಉದ್ದ ಬಾಲ ಬರುತ್ತಿತ್ತು. ಆ ಮಂಡಿಯಲ್ಲಿ ಚಳ್ಳಕೆರೆಯ ಸರಕಿಗೆ ಹೆಸರೇ ಬಾಲದವನ ಚೀಲ. ಬಾಲದವನ ಬೀಜದಲ್ಲಿ ಕಲ್ಲು ಕಡಿಮೆ ಎಂದು ಹೆಂಗಸರು ಆ ಚೀಲಕ್ಕೇ ಮೊದಲು ಕೈ ಹಾಕುತ್ತಿದ್ದರಂತೆ. ಮೂವತ್ತೊಂದು ವರ್ಷ ತನಗೊಂದು ಹೆಸರಿರುವುದು, ಅದನ್ನು ದಿನಾ ಕರೆಯುವವರು ಇರುವುದು ಅವನಿಗೆ ಗೊತ್ತೇ ಇರಲಿಲ್ಲ.

"ಒಂದು ವರ್ಷದಿಂದ ಬಾಲ ಕಾಣಲಿಲ್ಲ. ಸತ್ತುಹೋದನೇನೋ ಅಂದುಕೊಂಡಿದ್ದೆವು" ಎಂದಳು ಯರ್ರಮ್ಮ.

"ಇನ್ನೂ ಇಲ್ಲಮ್ಮಾ, ದಾರಿಯಲ್ಲಿದ್ದೀನಿ" ಎಂದ ಗಾದ್ರಪ್ಪ. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು, ಆಮೇಲೆ ಅವನು ನಗುವುದನ್ನು ನೋಡಿ ತಾನೂ ನಕ್ಕಳು. ತನ್ನ ಬುತ್ತಿ ಬಿಚ್ಚಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೊಟ್ಟಳು. ತಿಂಗಳಿಂದ ಎರಡು ಚಮಚ ಗಂಜಿಯ ಮೇಲಿದ್ದವನು ಅರ್ಧ ರೊಟ್ಟಿ ತಿಂದ. ಕಾಟಮ್ಮ ಅವನ ಬಾಯನ್ನೇ ನೋಡುತ್ತ, ತಾನು ತಿನ್ನುವುದನ್ನು ಮರೆತಳು.

ಆಚೆ ಮೂಲೆಯಲ್ಲಿ ಒಬ್ಬ ಮನುಷ್ಯ ಹಳೆಯ ಗೋಣಿಚೀಲಗಳಿಗೆ ಕಪ್ಪು ಬಳಿಯುತ್ತಿದ್ದ. ಬಾಲವಿದ್ದ ಚೀಲಗಳೇ. ಸೊಲ್ಲಾಪುರವನ್ನು ಅಳಿಸಿ ಅದರ ಕೆಳಗೆ ಬೇರೆ ಏನೋ ಎಳೆಯುತ್ತಿದ್ದ. ಗಾದ್ರಪ್ಪನ ಮುಖ ಸಣ್ಣದಾಯಿತು. ತಾನು ಬರೆದದ್ದು ತನ್ನ ಕಣ್ಣೆದುರೇ ಹೋಗುತ್ತಿತ್ತು. ತಿಪ್ಪೇರುದ್ರನ ಭುಜ ಹಿಡಿದುಕೊಂಡು ಹತ್ತಿರ ಹೋಗಿ ನಿಂತು ನೋಡಿದ. ಅವನು ಎಂದೂ ಬರೆಯದ ಅಕ್ಷರಗಳು.

"ಇದು ಯಾವ ಊರು?"

"ಅಕೋಲಾ. ಖಾಲಿ ಚೀಲ ಇಲ್ಲಿಂದ ಅಲ್ಲಿಗೆ ಹೋಗ್ತಾವೆ, ಬೇಳೆ ತುಂಬೋಕೆ" ಎಂದ ಆ ಮನುಷ್ಯ, ಸೊಲ್ಲಾಪುರದ ಕನ್ನಡದಲ್ಲಿ.

"ಅಲ್ಲಿಂದ?"

"ಅಲ್ಲೂ ಒಬ್ಬ ಬರೆಯೋವ ಇರ್ತಾನಲ್ಲ. ಅವನ್ನ ಕೇಳು."

ಗಾದ್ರಪ್ಪ ಆ ಅಕ್ಷರಗಳನ್ನು ಬೆರಳಿನಿಂದ ಗಾಳಿಯಲ್ಲಿ ಎಳೆದು ನೋಡಿದ. ಆಮೇಲೆ ಮಂಡಿಯೆಲ್ಲ ತಿರುಗಿ ನೋಡುವ ಹಾಗೆ ಕೂಗಿದ: "ಕಾಟೀ, ಇನ್ನೂ ಊರು ಅವೆ ಕಣೇ! ಮುಗಿದಿಲ್ಲ!"

ಮೇ ತಿಂಗಳಲ್ಲಿ ಅದೇ ಹಲಗೆಯ ಮೇಲೆ ನಾಸಿಕಕ್ಕೆ ಹೋಗಿ ಬಂದ. ಬಂದ ಮೇಲೆ ಕಾಲು ಊದಿಕೊಂಡು ವಾರ ಮಲಗಿದ. ಈಗ ಮಾತ್ರೆ ಎರಡರಷ್ಟಾಗಿದೆ. ಇಂದೂರು ತನ್ನಿಂದ ಆಗದು ಎಂದು ಅವನಿಗೇ ಗೊತ್ತು, ಹಾಗೆಂದು ಬೇಸರವಿಲ್ಲ. ನೋಡಲು ಬಂದವರು ಅಯ್ಯೋ ಪಾಪ ಎನ್ನಲು ಬಾಯಿ ತೆರೆಯುವುದರೊಳಗೆ, ತನಗಾಗಿ ಎಂಟು ಜನ ನಾನೂರು ಚೀಲ ಹೊತ್ತ ಕತೆ ಹೇಳಿ ಕೂರಿಸುತ್ತಾನೆ. ಇಳಿಸಿದ್ದು ಇನ್ನೂರು, ಹೇರಿದ್ದು ಇನ್ನೂರು. ಎರಡನ್ನೂ ಕೂಡಿಸಿಯೇ ಹೇಳಬೇಕು, ಬಿಡುವುದಿಲ್ಲ.

ಹೋದ ವಾರ ಪವಿತ್ರ ಅವನ ಕಾಲಿಗೆ ಎಣ್ಣೆ ಹಚ್ಚುತ್ತ ಕೇಳಿದಳು: "ಅಪ್ಪಾ, ಅಕೋಲಾ ಎಷ್ಟು ದೂರ ಐತಂತೆ?"

"ಯಾಕವ್ವಾ?"

"ತಿಪ್ಪೇರುದ್ರಣ್ಣನ ಹತ್ರ ಮಾತಾಡಿದೀನಿ. ಈ ಸಲ ಅವ್ವ ಮನೇಲಿರ್ಲಿ. ಗ್ಲಾಸು ಒರೆಸೋಕೆ ನಾನು ಬರ್ತೀನಿ."

ಒಳಗಿನಿಂದ ಕಾಟಮ್ಮ ಕೂಗಿದಳು: "ಯಾವಳೇ ಅವಳು ನನ್ನ ಸೀಟಿಗೆ ಕಣ್ಣು ಹಾಕಿದೋಳು?"

ಈಗ ಅಪ್ಪ, ಅವ್ವ, ಮಗಳು ಮೂವರೂ ಹೋಗುವುದೆಂದು ಆಗಿದೆ. ಲಾರಿ ಶುಕ್ರವಾರ.